ಗಣಿ ಗುತ್ತಿಗೆಯ ಗೆರೆ ಮತ್ತು ನಮ್ಮ ಜಮೀನಿನ ಗೆರೆ
(ಸದಸ್ಯ ಶಿಕ್ಷಣ ಪಾಠ)



ಕಾಫಿ ಅಡಿಕೆಯ ಪತ್ರಿಕೆಯಲ್ಲಿ ಕೋಲಾರದ ಕಲ್ಲುಬಂಡೆಯ ಮಾತೇಕೆ ಎಂದು ಕೆಲವರಾದರೂ ಕೇಳುವಿರಿ. ಕಾರಣ ಎರಡು. ನಮ್ಮ ಸದಸ್ಯರಲ್ಲಿ ಕೆಲವರಿಗೆ ನೆಂಟಸ್ತಿಕೆಯಿಂದಲೋ ಕ್ರಯದಿಂದಲೋ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಎರಡು ಮೂರು ಎಕರೆ ಜಮೀನಿನ ಸಂಬಂಧವಿದೆ. ಇದಕ್ಕಿಂತ ಮುಖ್ಯವಾದದ್ದು, ಭೂಮಿಯ ಮೇಲೆ ಗಣಿಯ ಗೆರೆ ಎಳೆಯುವ ಕೆಲಸ ನಮ್ಮ ರಾಜ್ಯದಲ್ಲಿ ಅತಿ ದೀರ್ಘಕಾಲ ನಡೆದಿರುವುದು ಕೋಲಾರ ಜಿಲ್ಲೆಯಲ್ಲಿ. ಆ ಪಾಠವನ್ನು ಅಲ್ಲಿ ಕಲಿತರೆ ಮಲೆನಾಡಿನ ತೋಟದ ಅಂಚಿನಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಕುದುರೆಮುಖದ ಅದಿರು ಗಣಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಡಿಸೆಂಬರ್ ಕೊನೆಗೆ ನಿಲ್ಲುವವರೆಗೆ ಭದ್ರಾ ನದಿಯ ಕೆಳಗಿನ ರೈತರು ಅನುಭವಿಸಿದ್ದನ್ನು ನಾವು ಮರೆತಿಲ್ಲ.

ಕಳೆದ ಬೇಸಿಗೆಯಲ್ಲಿ ನಮ್ಮ ಸದಸ್ಯರೊಬ್ಬರು ಸಂಘದ ಕಚೇರಿಗೆ ಗಾಬರಿಯಿಂದ ಬಂದರು. ಅವರ ತಂಗಿಯನ್ನು ಮಾಲೂರು ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿದೆ. ಭಾವಮೈದುನನಿಗೆ ಗೋಮಾಳದ ಸರ್ವೆ ನಂಬರಿನಲ್ಲಿ ದರಖಾಸ್ತಿನ ಮೂಲಕ ಎರಡು ಎಕರೆ ಮಂಜೂರಾಗಿದ್ದು, ಅದರಲ್ಲಿ ಮಾವು, ಕೊಳವೆಬಾವಿಯ ಪಕ್ಕಕ್ಕೆ ಹನಿ ನೀರಾವರಿಯಲ್ಲಿ ಒಂದಿಷ್ಟು ಅಡಿಕೆ ಇದೆ. ಅದೇ ಸರ್ವೆ ನಂಬರಿನ ಬಂಡೆಯ ಭಾಗದಲ್ಲಿ ಕಲ್ಲು ಗಣಿ ನಡೆಯುತ್ತಿದೆ. ಯಾರೋ ಮೊಬೈಲಿಗೆ ಒಂದು ಚಿತ್ರ ಕಳಿಸಿದ್ದರು. ಉಪಗ್ರಹದ ಚಿತ್ರದ ಮೇಲೆ ಕೆಂಪು ಗೆರೆ. ಗೆರೆಯೊಳಗೆ ಮಾವಿನ ಗಿಡಗಳೂ ಬಾವಿಯೂ ಸೇರಿದ್ದವು. ಬೆನ್ನಿಗೇ ಒಬ್ಬ ದಲ್ಲಾಳಿಯೂ ಬಂದು, “ಹೇಗೂ ಗಣಿಗೆ ಹೋಗುವ ಜಮೀನು, ಸಿಕ್ಕಿದಷ್ಟಕ್ಕೆ ಕೊಟ್ಟುಬಿಡಿ” ಎಂದನಂತೆ. “ಭಾವ, ನೀವು ಬಂದು ನೋಡಿ ಹೇಳುವ ತನಕ ಕೈ ಹಾಕೋದಿಲ್ಲ” ಎಂದು ಹುಡುಗ ಫೋನಿನಲ್ಲಿ ಹೇಳಿದ್ದೇ ಪುಣ್ಯ. ದರಖಾಸ್ತಿನ ಜಮೀನನ್ನು ಮಂಜೂರಾತಿಯ ಷರತ್ತು ನೋಡದೆ ಮಾರುವುದೇ ತಪ್ಪಾದೀತು ಎಂಬುದು ಬೇರೆ ಮಾತು.

ನಾವು ಆ ಚಿತ್ರವನ್ನು ಮುಂದಿಟ್ಟುಕೊಂಡು ಮೊದಲು ಕೇಳಿದ ಪ್ರಶ್ನೆ ಒಂದೇ: ಈ ಗೆರೆ ಯಾವ ಕಾಗದದಿಂದ ಬಂತು? ಉತ್ತರವಿರಲಿಲ್ಲ. ನಕ್ಷೆಯ ಮೇಲೆ ಗೆರೆ ಎಳೆಯುವುದು ಈಗ ಶಾಲೆಯ ಮಕ್ಕಳಿಗೂ ಬರುತ್ತದೆ. ಗೆರೆ ಇದೆಯೆಂದ ಮಾತ್ರಕ್ಕೆ ಗುತ್ತಿಗೆ ಇದೆ ಎಂದಾಗಲಿಲ್ಲ. ಗುತ್ತಿಗೆ ಇದ್ದರೂ ಗೆರೆ ಸರಿಯಾಗಿದೆ ಎಂದಾಗಲಿಲ್ಲ.

ಸರಿಯಾದ ಗೆರೆ ಎಲ್ಲಿ ಸಿಗುತ್ತದೆಂಬುದನ್ನು ತಿಳಿಯುವ ಮೊದಲು ಖನಿಜದಲ್ಲಿ ಎರಡು ಜಾತಿ ಇದೆಯೆಂಬುದನ್ನು ಗಮನಿಸಬೇಕು. ಚಿನ್ನ, ಕಬ್ಬಿಣದ ಅದಿರು ಮೊದಲಾದವು ಪ್ರಧಾನ ಖನಿಜಗಳು. ಇವಕ್ಕೆ ಕೇಂದ್ರದ 1957ರ ಗಣಿ ಮತ್ತು ಖನಿಜ ಕಾಯಿದೆ ಅನ್ವಯ. ಕಟ್ಟಡದ ಕಲ್ಲು, ಗ್ರಾನೈಟ್, ಮರಳು ಮುಂತಾದವು ಉಪಖನಿಜಗಳು. ಇವುಗಳ ಗುತ್ತಿಗೆ ನಡೆಯುವುದು ರಾಜ್ಯದ 1994ರ ಉಪಖನಿಜ ರಿಯಾಯಿತಿ ನಿಯಮಗಳಂತೆ. ಮಾಲೂರಿನ ಟೇಕಲ್ ಕಡೆಯ ಕಲ್ಲು, ಮುಳಬಾಗಿಲಿನ ಗುಡ್ಡದ ಕಲ್ಲು ಎರಡನೆಯ ಜಾತಿ. ಕೆ.ಜಿ.ಎಫ್.ನ ಚಿನ್ನ ಮೊದಲನೆಯದು. ಹುಡುಕುವ ಜಾಗವೂ ಇದಕ್ಕನುಗುಣವಾಗಿ ಬೇರೆಯಾಗುತ್ತದೆ.

ಕಲ್ಲು ಗಣಿಯಾದರೆ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಯಲ್ಲಿ ಗುತ್ತಿಗೆಯ ನಕಾಶೆ ಇರುತ್ತದೆ. ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ 30 ದಿನದೊಳಗೆ ಉತ್ತರ ಬರತಕ್ಕದ್ದು. ಅರ್ಜಿಯಲ್ಲಿ “ಗಣಿಯ ವಿವರ ಕೊಡಿ” ಎಂದು ಬರೆದರೆ ಪ್ರಯೋಜನವಿಲ್ಲ. ಗ್ರಾಮ, ಸರ್ವೆ ನಂಬರು ಕಾಣಿಸಿ, ಗುತ್ತಿಗೆ ಪ್ರದೇಶದ ಮೂಲೆಗಳ ಅಕ್ಷಾಂಶ ರೇಖಾಂಶಗಳುಳ್ಳ ನಕಾಶೆಯ ದೃಢೀಕೃತ ನಕಲನ್ನು ಕೇಳಬೇಕು. ಸಣ್ಣ ಗಣಿಗಳಿಗೂ ಪರಿಸರ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯ 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಮೊಕದ್ದಮೆಯಲ್ಲಿ ಹೇಳಿದ ಮೇಲೆ ಇನ್ನೊಂದು ದಾರಿಯೂ ತೆರೆದಿದೆ. ಅನುಮತಿಗಾಗಿ ಹಾಕಿದ ಅರ್ಜಿಗಳು ಕೇಂದ್ರ ಸರಕಾರದ ‘ಪರಿವೇಷ್’ ಜಾಲತಾಣದಲ್ಲಿ ದಾಖಲಾಗುತ್ತವೆ. ಅರ್ಜಿದಾರರು ಪ್ರದೇಶದ ಎಲ್ಲೆಯನ್ನು ಕೆ.ಎಂ.ಎಲ್. ಎಂಬ ಕಡತದ ರೂಪದಲ್ಲಿ ಕೊಡಬೇಕು. ಆ ಕಡತ ಕೈಗೆ ಸಿಕ್ಕಿದರೆ ‘ಗೂಗಲ್ ಅರ್ಥ್’ನಲ್ಲಿ ನೇರವಾಗಿ ತೆರೆಯಬಹುದು. ಜಿಲ್ಲಾ ಸಮೀಕ್ಷಾ ವರದಿಯಲ್ಲಿಯೂ ಗುತ್ತಿಗೆಗಳ ಪಟ್ಟಿ ಇರುತ್ತದೆ. ಪ್ರಧಾನ ಖನಿಜಗಳ ಮಟ್ಟಿಗೆ 2016ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಉಪಗ್ರಹದಿಂದ ಗಣಿಗಳ ಮೇಲೆ ಕಣ್ಣಿಡುವ ಒಂದು ವ್ಯವಸ್ಥೆ ಆರಂಭಿಸಿತು. ಗುತ್ತಿಗೆಯ ಎಲ್ಲೆಯಿಂದ ಹೊರಗೆ 500 ಮೀಟರ್‌ವರೆಗೆ ಭೂಮಿಯಲ್ಲಿ ಬದಲಾವಣೆ ಕಂಡರೆ ಅದು ಎಚ್ಚರಿಸುತ್ತದೆ.

ಇನ್ನು ಅಂಕೆಗಳನ್ನು ನಕ್ಷೆಯ ಮೇಲೆ ಇಡುವ ಕೆಲಸ. ಇಲ್ಲಿ ನಾವೇ ಎಡವಿದ್ದನ್ನು ಮುಚ್ಚಿಡುವುದಿಲ್ಲ. ನಕಾಶೆಯ ನಕಲು ಬಂದಿತು. ಮೂಲೆಗಳನ್ನು ಡಿಗ್ರಿ, ನಿಮಿಷ, ಸೆಕೆಂಡುಗಳಲ್ಲಿ ಬರೆದಿದ್ದರು. ಉದಾಹರಣೆಗೆ ಒಂದು ಮೂಲೆಯ ಅಕ್ಷಾಂಶ 12 ಡಿಗ್ರಿ 58 ನಿಮಿಷ 40 ಸೆಕೆಂಡು ಎಂದಿಟ್ಟುಕೊಳ್ಳಿ. ಪದವೀಧರರೆಂಬ ಜಂಬದಿಂದ ನಾವು ಅದನ್ನು 12.5840 ಎಂದು ಒತ್ತಿದೆವು. ಮಾಲೂರಿನ ಬಂಡೆ ಒಂದೇ ನೆಗೆತಕ್ಕೆ ದಕ್ಷಿಣಕ್ಕೆ 43 ಕಿಲೋಮೀಟರ್ ಹಾರಿ ತಮಿಳುನಾಡಿನಲ್ಲಿ ಕೂತಿತು! ಕಚೇರಿಯ ಗುಮಾಸ್ತೆ ಹುಡುಗಿ ನಕ್ಕಳು. ಗಡಿಯಾರದಂತೆ ಇಲ್ಲಿಯೂ ಒಂದು ಡಿಗ್ರಿಗೆ 60 ನಿಮಿಷ, ಒಂದು ನಿಮಿಷಕ್ಕೆ 60 ಸೆಕೆಂಡು. 58ನ್ನು 60ರಿಂದ ಭಾಗಿಸಬೇಕು, 40ನ್ನು 3600ರಿಂದ ಭಾಗಿಸಬೇಕು, ಎರಡನ್ನೂ ಕೂಡಿಸಬೇಕು. ಆಗ ಬರುವುದು 12.9778. ತಪ್ಪು ದೊಡ್ಡದಾಗಿದ್ದುದರಿಂದ ಗೊತ್ತಾಯಿತು. ನಿಮಿಷದ ಜಾಗದಲ್ಲಿ 58ರ ಬದಲು 05 ಇದ್ದಿದ್ದರೆ ಇದೇ ತಪ್ಪಿನಿಂದ ಗೆರೆ ನಾಲ್ಕೂವರೆ ಕಿಲೋಮೀಟರ್ ಮಾತ್ರ ಸರಿಯುತ್ತಿತ್ತು; ಪಕ್ಕದ ಊರಿನ ಬಂಡೆಯನ್ನೇ ಇದು ಎಂದು ನಂಬಿ ಕೂರುತ್ತಿದ್ದೆವು.

ನಮ್ಮ ಸೀಮೆಯಲ್ಲಿ ಒಂದು ಸೆಕೆಂಡು ಎಂದರೆ ನೆಲದ ಮೇಲೆ ಸುಮಾರು 30 ಮೀಟರ್, ಅಂದರೆ ನೂರು ಅಡಿ ಎಂದು ನೆನಪಿಟ್ಟರೆ ಸಾಕು. ಚೌಕವಾದ ಒಂದು ಎಕರೆಯ ಒಂದು ಬದಿ 209 ಅಡಿ. ಒಂದು ಸೆಕೆಂಡಿನ ತಪ್ಪು ಅರ್ಧ ಎಕರೆಯನ್ನು ಆಚೆಯಿಂದ ಈಚೆಗೆ ತರಬಲ್ಲದು. ಸೆಕೆಂಡಿನ ಮುಂದೆ ದಶಾಂಶ ಇಲ್ಲದ ನಕಾಶೆ ಕಂಡರೆ, ಅದು ಜಾಗ ತೋರಿಸುವುದಕ್ಕೆ ಆದೀತೇ ಹೊರತು ಬೇಲಿ ಹಾಕುವುದಕ್ಕೆ ಆಗದು.

ಹೀಗೆ ಮೂಲೆಗಳನ್ನೆಲ್ಲ ಸರಿಯಾಗಿ ಇಟ್ಟ ಮೇಲೆ ಮೊಬೈಲಿಗೆ ಬಂದ ಕೆಂಪು ಗೆರೆಯ ಗುಟ್ಟು ಹೊರಬಿತ್ತು. ಒಂದು ಮೂಲೆಯಲ್ಲಿ 42 ಸೆಕೆಂಡು ಎಂದಿರಬೇಕಾದದ್ದನ್ನು ಯಾರೋ 24 ಎಂದು ಒತ್ತಿದ್ದರು. ಹದಿನೆಂಟು ಸೆಕೆಂಡು, ಅಂದರೆ ಐದೂವರೆ ನೂರು ಮೀಟರ್. ಗೆರೆ ಈಟಿಯ ಮೊನೆಯಂತೆ ಚಾಚಿಕೊಂಡು ಮಾವಿನ ತೋಪನ್ನು ಒಳಗೆ ಹಾಕಿಕೊಂಡಿತ್ತು. ಬೇಕೆಂದು ಮಾಡಿದ್ದೋ ಕೈತಪ್ಪೋ ನಾವು ಹೇಳಲಾರೆವು. ಗುತ್ತಿಗೆಯ ವಿಸ್ತೀರ್ಣವನ್ನು ಒಮ್ಮೆ ಅಳೆದು ನೋಡಿದ್ದರೆ ಅಲ್ಲಿಯೇ ತಿಳಿಯುತ್ತಿತ್ತು. ಕಾಗದದಲ್ಲಿರುವ ಎಕರೆಗೂ ನಕ್ಷೆಯ ಮೇಲಿನ ಎಕರೆಗೂ ತಾಳೆ ನೋಡುವುದು ಇಂಥ ತಪ್ಪು ಹಿಡಿಯಲು ಅತಿ ಸುಲಭದ ಉಪಾಯ. ಒಂದು ಹೆಕ್ಟೇರಿಗೆ ಎರಡು ಎಕರೆ ಹತ್ತೊಂಬತ್ತು ಗುಂಟೆ ಎಂದು ಲೆಕ್ಕ ಹಿಡಿಯಿರಿ, ಬಹಳ ಹತ್ತಿರ ಬರುತ್ತದೆ.

ಆದರೆ ಪಾಠ ಇಲ್ಲಿಗೆ ಮುಗಿಯಲಿಲ್ಲ. ನಿಜವಾದ ಪಾಠ ಇಲ್ಲಿಂದಲೇ ಶುರುವಾಯಿತು. ಗುತ್ತಿಗೆಯ ಗೆರೆಯೇನೋ ಗೊತ್ತಾಯಿತು. ಹುಡುಗನ ಎರಡು ಎಕರೆ ಯಾವುದು?

ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದವರು ಮಾಡಿರುವ ‘ದಿಶಾಂಕ್’ ಎಂಬ ಸಾಧನ ಈಗ ಬಹಳ ಜನರ ಮೊಬೈಲಿನಲ್ಲಿದೆ. ನಿಂತ ಜಾಗದ ಗ್ರಾಮ, ಹೋಬಳಿ, ಸರ್ವೆ ನಂಬರು ಎಲ್ಲವನ್ನೂ ಹೇಳುತ್ತದೆ. ಅದನ್ನು ತೆರೆದು ನೋಡಿದರೆ ಬಂಡೆ, ತೋಪು, ಬಾವಿ, ಕುರಿ ಮೇಯುವ ಬಯಲು ಎಲ್ಲಕ್ಕೂ ಒಂದೇ ಸರ್ವೆ ನಂಬರು! ದರಖಾಸ್ತು ಮಂಜೂರಾಗಿ ವರ್ಷಗಳಾಗಿದ್ದರೂ ಪೋಡಿ ಆಗಿರಲಿಲ್ಲ. ಪಹಣಿಯಲ್ಲಿ ಹೆಸರಿದೆ, ಎರಡು ಎಕರೆ ಎಂದಿದೆ, ಕಂದಾಯ ಕಟ್ಟಿದ ರಸೀದಿ ಇದೆ. ಆದರೆ ಆ ಎರಡು ಎಕರೆ ಆ ದೊಡ್ಡ ನಂಬರಿನ ಯಾವ ಮೂಲೆಯಲ್ಲಿದೆ ಎಂದು ತೋರಿಸುವ ಸರಕಾರಿ ನಕ್ಷೆ ಇಲ್ಲ. ಗುತ್ತಿಗೆಯ ಕಾಗದದಲ್ಲಿ “ಸರ್ವೆ ನಂಬರಿನ ಪೈಕಿ ಇಷ್ಟು” ಎಂದಿದೆ. ಮಂಜೂರಾತಿ ಪತ್ರದಲ್ಲಿಯೂ “ಪೈಕಿ” ಎಂದೇ ಇದೆ. ಎರಡು ಪೈಕಿಗಳಲ್ಲಿ ಒಂದಕ್ಕೆ ಅಕ್ಷಾಂಶ ರೇಖಾಂಶ ಇದೆ, ಇನ್ನೊಂದಕ್ಕೆ ಬೇಲಿಯ ಕಳ್ಳಿಗಿಡ ಮಾತ್ರ ಇದೆ. ವ್ಯಾಜ್ಯ ಬಂದರೆ ಯಾರ ಮಾತು ನಿಲ್ಲುತ್ತದೆ, ಯೋಚಿಸಿ ನೋಡಿ.

ಇದು ಮಾಲೂರಿನವರ ಕಥೆ ಮಾತ್ರವಲ್ಲ. ಬಗರ್ ಹುಕುಂನಲ್ಲಿ ನಮೂನೆ 50, 53, 57ರ ಅರ್ಜಿ ಹಾಕಿ ಕಾಫಿ ಗಿಡ ಬೆಳೆಸಿಕೊಂಡ ನಮ್ಮ ಎಷ್ಟು ಸದಸ್ಯರ ಪೋಡಿ ಮುಗಿದಿದೆ? ಪಹಣಿ ಸಿಕ್ಕ ದಿನವೇ ಎಲ್ಲ ಮುಗಿಯಿತೆಂದು ನಾವೆಲ್ಲ ನಿಶ್ಚಿಂತರಾಗಿ ಕುಳಿತವರೇ. ಪಹಣಿ ಹಕ್ಕನ್ನು ಹೇಳುತ್ತದೆ. ಜಾಗವನ್ನು ಹೇಳುವುದು ಟಿಪ್ಪಣಿ, ಆಕಾರಬಂದ್ ಮತ್ತು ಪೋಡಿಯ ನಕ್ಷೆ. ಗಣಿಯವನ ಗೆರೆಯನ್ನು ಮೊಬೈಲಿನಲ್ಲಿ ಎಷ್ಟೇ ಚೆನ್ನಾಗಿ ನೋಡಲು ಕಲಿತರೂ ನಮ್ಮ ಗೆರೆ ಸರಕಾರದ ನಕ್ಷೆಯಲ್ಲಿ ಇಲ್ಲದಿದ್ದರೆ ಎರಡನ್ನೂ ಹೋಲಿಸುವುದು ಹೇಗೆ?

ನಾವು ಆ ಹಳ್ಳಿಗೆ ಹೋಗಿ ಬೇಲಿಯ ಸುತ್ತ ಮೊಬೈಲು ಹಿಡಿದು ನಡೆದೆವು. ಗುತ್ತಿಗೆಯ ಗೆರೆಗೂ ಪೂರ್ವದ ಬದುವಿಗೂ ಒಂದು ಕಡೆ ಹತ್ತು ಮೀಟರ್ ಅಂತರ ತೋರಿಸಿತು, ಇನ್ನೊಂದು ಸುತ್ತಿನಲ್ಲಿ ಮೂರೇ ಮೀಟರ್ ಎಂದಿತು. ಬಯಲಿನಲ್ಲಿ ಆಕಾಶ ತೆರೆದಿದ್ದರೂ ಮೊಬೈಲಿನ ಜಿ.ಪಿ.ಎಸ್. ನಾಲ್ಕೈದು ಮೀಟರ್ ಆಚೀಚೆ ಹೇಳುವುದು ಸಹಜ. ಅಡಿಕೆ ತೋಟದ ಒಳಗೋ ಸಿಲ್ವರ್ ಓಕ್ ನೆರಳಿನ ಕಾಫಿಯೊಳಗೋ ಇನ್ನೂ ಹೆಚ್ಚು ತಪ್ಪುತ್ತದೆ. ದಿಶಾಂಕಿನಲ್ಲಿ ಕಾಣುವ ಗೆರೆ ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂಡಿಸಿದ್ದು. ಎಷ್ಟೋ ಕಡೆ ಬದುವಿಗೂ ಗೆರೆಗೂ ಹತ್ತಾರು ಅಡಿ ವ್ಯತ್ಯಾಸವಿರುತ್ತದೆ. 33 ಅಡಿಯ ಸರಪಳಿ ಎಳೆದು ಅಳೆದ ಕಾಲದ ನಕ್ಷೆ ಅದು. ಆ ಸರಪಳಿಯ ಅಳತೆ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಎಷ್ಟೋ ಸಲ ಮೊಬೈಲಿಗಿಂತ ಅದೇ ನಂಬಿಕಸ್ಥ. ಹಳೆಯ ಸರ್ವೆ ಆಫ್ ಇಂಡಿಯಾ ನಕ್ಷೆಗಳ ಅಕ್ಷಾಂಶ ರೇಖಾಂಶವನ್ನು ಹಾಗೆಯೇ ಮೊಬೈಲಿಗೆ ಒತ್ತಿದರಂತೂ, ಎರಡರ ಆಧಾರ ಬೇರೆಯಾದ್ದರಿಂದ ಗೆರೆ ನೂರಾರು ಅಡಿ ಸರಿದುಬಿಡುತ್ತದೆ. ಆದ್ದರಿಂದ ಮೊಬೈಲಿನ ನಕ್ಷೆ ಎಲ್ಲಿ ಅನುಮಾನ ಪಡಬೇಕೆಂದು ತೋರಿಸುತ್ತದೆ. ತೀರ್ಮಾನ ಮಾಡುವುದು ಸರ್ವೆ ಇಲಾಖೆಯ ಹದ್ದುಬಸ್ತು, ನೆಟ್ಟ ಬಾಂದುಕಲ್ಲು.

ಗೆರೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಬಳ್ಳಾರಿಗಿಂತ ದೊಡ್ಡ ಉದಾಹರಣೆ ಬೇಡ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಲ್ಲಿ ಅದಿರು ತೆಗೆಯುವುದನ್ನು ನಿಲ್ಲಿಸಿತು. ಬಳ್ಳಾರಿ, ಚಿತ್ರದುರ್ಗ, ತುಮಕೂರುಗಳ ಗುತ್ತಿಗೆಗಳನ್ನು ಜಂಟಿ ತಂಡಗಳು ನೆಲದ ಮೇಲೆ ಅಳೆದವು. ಕೊಟ್ಟ ಎಲ್ಲೆಗೂ ಅಗೆದ ಹೊಂಡಕ್ಕೂ ಎಷ್ಟು ವ್ಯತ್ಯಾಸವೆಂಬುದರ ಮೇಲೆಯೇ ಮುಖ್ಯವಾಗಿ 166 ಗಣಿಗಳನ್ನು ವಿಂಗಡಿಸಿದರು: ‘ಎ’ ವರ್ಗಕ್ಕೆ 45, ‘ಬಿ’ ವರ್ಗಕ್ಕೆ 72, ‘ಸಿ’ ವರ್ಗಕ್ಕೆ 49. ಎಲ್ಲೆಯ ಹೊರಗೆ ಗುತ್ತಿಗೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಭಾಗ ಹೊಂಡ ತೋಡಿದ್ದವರು, ಅಥವಾ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ಭಾಗ ಮಣ್ಣು ಸುರಿದಿದ್ದವರು ‘ಸಿ’ ವರ್ಗಕ್ಕೆ ಬಿದ್ದರು. 2013ರ ಏಪ್ರಿಲ್ ತೀರ್ಪಿನಲ್ಲಿ ಆ ವರ್ಗದ ಗುತ್ತಿಗೆಗಳು ರದ್ದಾದವು.

ಕೆ.ಜಿ.ಎಫ್.ನಲ್ಲಿ ಗೆರೆಯ ಸ್ವಭಾವವೇ ಬೇರೆ. ಮೈಕೇಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ 1873ರಲ್ಲಿ ಮೈಸೂರು ಸರಕಾರಕ್ಕೆ ಅರ್ಜಿ ಹಾಕಿ 1875ರಲ್ಲಿ ಗಣಿಯ ಹಕ್ಕು ಪಡೆದ; 1880ರ ವೇಳೆಗೆ ಜಾನ್ ಟೇಲರ್ ಕಂಪನಿ ಬಂತು. ಮೇಲೆ ನೋಡಿದರೆ ಕೆಲವೇ ಮೈಲಿ ಉದ್ದದ ಪಟ್ಟಿ. ಆದರೆ ಚಿನ್ನದ ಎಳೆ ಪಶ್ಚಿಮಕ್ಕೆ ಓರೆಯಾಗಿ ಇಳಿಯುತ್ತ ಹೋಗಿ, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗೂ ಮೀರಿ ಆಳ ಮುಟ್ಟಿತು. ಉಪಗ್ರಹದ ಚಿತ್ರ ಇದೊಂದನ್ನೂ ತೋರಿಸದು. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದರೂ ಗುತ್ತಿಗೆಯ ಗೆರೆ ಅಳಿಸಿಹೋಗಲಿಲ್ಲ. 2024ರ ಜೂನ್‌ನಲ್ಲಿ ಸಯನೈಡ್ ಗುಡ್ಡಗಳೆಂದು ಜನ ಕರೆಯುವ 13 ರಾಶಿಗಳಿಂದ, ಸುಮಾರು 1,003 ಎಕರೆಯಲ್ಲಿ, ಮತ್ತೆ ಖನಿಜ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಮುಚ್ಚಿದ ಗಣಿಯ ಪಕ್ಕ ಜಮೀನು ಕೊಳ್ಳುವವರು ಇದನ್ನು ತಿಳಿದಿರಬೇಕು. ಕೋಲಾರದ ಈ ಶಿಲಾಪಟ್ಟಿ ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಇದೆ. ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ‘ಭೂಕೋಶ್’ ಜಾಲತಾಣದಲ್ಲಿ ಅದನ್ನು ಬಣ್ಣದ ಪಟ್ಟಿಯಾಗಿ ನೋಡಬಹುದು. ಆ ಬಣ್ಣ ಕಂಡು ಹೆದರಬೇಡಿ. ಅದು ಕಲ್ಲಿನ ಜಾತಿ, ಗುತ್ತಿಗೆಯಲ್ಲ. ಶ್ರೀನಿವಾಸಪುರದ ಮಾವಿನ ಬೆಳೆಗಾರರೊಬ್ಬರು ಇಂಥದೇ ಬಣ್ಣದ ನಕ್ಷೆ ನೋಡಿ ನಮ್ಮಲ್ಲಿ ವಿಚಾರಿಸಿದ್ದುಂಟು.

ಗೆರೆ ನಮ್ಮ ಜಮೀನಿನ ಹೊರಗಿದ್ದರೂ ಅಳೆಯಬೇಕಾದ ಕೆಲವು ಅಂತರಗಳಿವೆ. 1961ರ ಲೋಹ ಗಣಿ ನಿಯಮಾವಳಿಯಂತೆ ಗಣಿಯ ಎಲ್ಲೆಯಿಂದ 7.5 ಮೀಟರ್, ಅಂದರೆ ಇಪ್ಪತ್ತನಾಲ್ಕೂವರೆ ಅಡಿ, ಒಳಗಡೆ ಅಗೆಯದೆ ಬಿಡಬೇಕು. ಈ ಪಟ್ಟಿ ಬಿಡಬೇಕಾದದ್ದು ಅವರ ಕಡೆ, ನಮ್ಮ ಕಡೆಯಲ್ಲ. ಇದನ್ನು ಎಷ್ಟೋ ರೈತರು ತಿರುವುಮುರುವಾಗಿ ತಿಳಿದಿದ್ದಾರೆ. ಒಂದೇ ಬಗೆಯ ಖನಿಜದ ಎರಡು ಗುತ್ತಿಗೆಗಳ ಅಂಚುಗಳ ನಡುವೆ 500 ಮೀಟರ್‌ಗಿಂತ ಕಡಿಮೆ ಅಂತರವಿದ್ದರೆ, 2016ರ ಜನವರಿಯ ಕೇಂದ್ರ ಅಧಿಸೂಚನೆಯಂತೆ ಪರಿಸರ ಅನುಮತಿಯ ಸಮಯದಲ್ಲಿ ಅವನ್ನು ಒಂದು ಗುಂಪಾಗಿ ಎಣಿಸಬೇಕು. ಟೇಕಲ್ ಕಡೆಯಂತೆ ಗಣಿಗಳು ಒತ್ತಾಗಿರುವಲ್ಲಿ ನಕ್ಷೆಯ ಅಳತೆಪಟ್ಟಿಯಿಂದ ಇದನ್ನು ಕುಳಿತಲ್ಲಿಯೇ ನೋಡಬಹುದು. ಹಳೆಯ ವರ್ಷಗಳ ಉಪಗ್ರಹ ಚಿತ್ರಗಳನ್ನೂ ಗೂಗಲ್ ಅರ್ಥ್ ತೋರಿಸುತ್ತದೆ. ಹೊಂಡ ಯಾವ ವರ್ಷ ಎಲ್ಲಿಯವರೆಗೆ ಬಂದಿತ್ತು, ಕೆರೆಗೆ ನೀರು ತರುವ ಕಾಲುವೆ ಯಾವಾಗ ಮುಚ್ಚಿತು ಎಂದು ದಿನಾಂಕ ಸಹಿತ ಅಚ್ಚು ತೆಗೆದಿಟ್ಟುಕೊಳ್ಳಿ. ಗುಡ್ಡದ ಬುಡದ ಕಾಲುವೆ ಸಾಮಾನ್ಯವಾಗಿ ‘ಬಿ’ ಖರಾಬಿನಲ್ಲಿ ಸೇರಿರುತ್ತದೆ. ಅದು ಯಾರೊಬ್ಬರ ಹೆಸರಿನಲ್ಲಿಯೂ ಇರದ ಕಾರಣ ಅದು ಹೋದಾಗ ಕೇಳುವವರೂ ಇರುವುದಿಲ್ಲ.

ದಿನಗಳ ಲೆಕ್ಕವನ್ನೂ ಮರೆಯಬಾರದು. ಪರಿಸರ ಅನುಮತಿಗೆ ಸಾರ್ವಜನಿಕ ವಿಚಾರಣೆ ಅಗತ್ಯವಿರುವ ಕಡೆ ಕನಿಷ್ಠ 30 ದಿನ ಮುಂಚಿತವಾಗಿ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಅನುಮತಿ ಕೊಟ್ಟ ಮೇಲೆ ಅದರ ವಿರುದ್ಧ ಹಸಿರು ನ್ಯಾಯಮಂಡಳಿಗೆ ಹೋಗಲು ಇರುವುದು 30 ದಿನ; ತಕ್ಕ ಕಾರಣ ತೋರಿಸಿದರೆ ಇನ್ನು 60 ದಿನ, ಅದಕ್ಕೆ ಮೇಲಿಲ್ಲ. ನಮ್ಮ ಭಾಗಕ್ಕೆ ಪೀಠ ಇರುವುದು ಚೆನ್ನೈಯಲ್ಲಿ.

ಮಾಲೂರಿನ ಹುಡುಗ ಪೋಡಿಗೆ ಅರ್ಜಿ ಹಾಕಿದ. ಓಡಾಟ ಸಾಕಷ್ಟಾಯಿತು, ಮೂಲ ಮಂಜೂರಾತಿ ಕಡತ ಹುಡುಕಿಸಲಿಕ್ಕೇ ಎರಡು ತಿಂಗಳು ಹಿಡಿಯಿತು. ಕೊನೆಗೆ ಭೂಮಾಪಕರು ಬಂದು ಅಳೆದು ಕಲ್ಲು ನೆಟ್ಟರು. ಎರಡು ಎಕರೆ ಪೂರ್ತಿ ಉಳಿಯಿತು, ಬಾವಿಯೂ ಒಳಗೇ ಬಂತು. ಆದರೆ ಪೂರ್ವದ ಬದುವೂ ಗುತ್ತಿಗೆಯ ಗೆರೆಯೂ ಒಂದು ಕಡೆ ಒಂದಕ್ಕೊಂದು ತಾಗಿಯೇ ಇವೆ. ಗಣಿಯ ಹೊಂಡ ಬಾಂದುಕಲ್ಲಿನಿಂದ ಹದಿನಾಲ್ಕು ಅಡಿ ದೂರಕ್ಕೆ ಬಂದು ನಿಂತಿದೆ, ಇರಬೇಕಾದದ್ದು ಇಪ್ಪತ್ತನಾಲ್ಕೂವರೆ. ಪೋಡಿಯ ನಕ್ಷೆ, ಗುತ್ತಿಗೆಯ ನಕಾಶೆ, ಟೇಪು ಹಿಡಿದು ತೆಗೆದ ಛಾಯಾಚಿತ್ರ ಮೂರನ್ನೂ ಲಗತ್ತಿಸಿ ಅವನು ಇಲಾಖೆಗೆ ಅರ್ಜಿ ಕೊಟ್ಟಿದ್ದಾನೆ. ಸ್ಥಳ ತನಿಖೆ ಇನ್ನೂ ಆಗಬೇಕಿದೆ. ದಲ್ಲಾಳಿ ಮತ್ತೆ ಬಂದಿಲ್ಲ.

ಬರುವ ಮಾಸಿಕ ಸಭೆಯಲ್ಲಿ ಸಂಘದ ಗಣಕಯಂತ್ರದ ಮೇಲೆ ಇದನ್ನು ಮಾಡಿ ತೋರಿಸಲಾಗುವುದು. ಸದಸ್ಯರು ತಮ್ಮ ಪಹಣಿ, ಪೋಡಿ ಆಗಿದ್ದಲ್ಲಿ ಅದರ ನಕ್ಷೆ, ಮಂಜೂರಾತಿ ಪತ್ರದ ನಕಲು ಇವುಗಳನ್ನು ತರತಕ್ಕದ್ದು. ಪೋಡಿ ಆಗದವರು ಮುಂಚಿತವಾಗಿ ಕಚೇರಿಯಲ್ಲಿ ಹೆಸರು ಬರೆಸಿದರೆ ಎಲ್ಲರ ಅರ್ಜಿಗಳನ್ನೂ ಒಟ್ಟಿಗೆ ತಾಲ್ಲೂಕು ಕಚೇರಿಗೆ ಒಯ್ಯುವ ಏರ್ಪಾಡು ಮಾಡುತ್ತೇವೆ.